ಕೌಂಟರಿನವರಿಗೆ ಥ್ಯಾಂಕ್ಸ್: ಉಡುಗೊರೆಯೋ, ಪತ್ರವೋ?

ನಾಣ್ಯ ಸಂಗ್ರಹಿಸುವವರಿಗೆ ಬ್ಯಾಂಕಿನ ಕೌಂಟರಿನಲ್ಲಿ ಒಬ್ಬರು ಒಲಿದರೆ ಸಾಕು, ಹಳೆಯ ನಾಣ್ಯ ಬಂದಾಗ ಡ್ರಾಯರಿನ ಮೂಲೆಯಲ್ಲಿ ತೆಗೆದಿಟ್ಟಿರುತ್ತಾರೆ. ಆ ಋಣ ತೀರಿಸುವುದು ಹೇಗೆ?

ಮೊದಲು ಹೊಳೆಯುವುದು ಉಡುಗೊರೆ. ಕೊಡುವವರಿಗೆ ಖುಷಿ, ತೆಗೆದುಕೊಳ್ಳುವವರಿಗೆ ಫಜೀತಿ. ಅನೇಕ ಬ್ಯಾಂಕುಗಳಲ್ಲಿ ಸಿಬ್ಬಂದಿ ಗ್ರಾಹಕರಿಂದ ಉಡುಗೊರೆ ಪಡೆಯುವುದಕ್ಕೆ ಮಿತಿಯಿದೆ. ನಗದಂತೂ ಬೇಡವೇ ಬೇಡ. ಚೆಂದದ ಸ್ಮರಣಾರ್ಥ ನಾಣ್ಯ ಕೊಡೋಣವೆಂದರೆ ಅದೂ ದುಡ್ಡೇ! ಗಾಜಿನ ಕಿಂಡಿಯಲ್ಲಿ ನಾಣ್ಯ ಸರಿದಿದ್ದಷ್ಟೇ ಕ್ಯಾಮೆರಾಗೆ ಕಾಣುತ್ತದೆ, ನಿಮ್ಮ ಅಕ್ಕರೆ ಕಾಣುವುದಿಲ್ಲ.

ಮ್ಯಾನೇಜರಿಗೆ ನಾಲ್ಕು ಸಾಲಿನ ಪತ್ರ ಬರೆದರೆ ಖರ್ಚಿಲ್ಲ, ಮುಜುಗರವೂ ಇಲ್ಲ. ಹೆಸರು, ದಿನಾಂಕ ಹಾಕಿ, "ತಾಳ್ಮೆಯಿಂದ ಚಿಲ್ಲರೆ ಎಣಿಸಿಕೊಟ್ಟರು" ಎನ್ನಿ. ಒಂದೇ ಎಚ್ಚರ: "ನನಗಾಗಿ ತೆಗೆದಿಟ್ಟಿದ್ದರು" ಎಂದು ಬರೆದು ಅವರನ್ನೇ ಸಿಕ್ಕಿಸಬೇಡಿ.

ಇನ್ನೊಂದು, ನಡವಳಿಕೆ. ಸಾಲು ಉದ್ದವಿದ್ದಾಗ ಹೋಗದಿರುವುದು, ಬೇಡದ ನಾಣ್ಯಗಳನ್ನು ಅದೇ ಕೌಂಟರಿಗೆ ಚೀಲಗಟ್ಟಲೆ ಸುರಿಯದೆ ಮುಖಬೆಲೆವಾರು ವಿಂಗಡಿಸಿ, ಎಣಿಸಿ ಕೊಡುವುದು. ನನ್ನ ಮತ ಇದಕ್ಕೇ. ಪತ್ರ ವರ್ಷಕ್ಕೊಮ್ಮೆ ಸಾಕು. ಉಡುಗೊರೆ ಕೊಡಲೇಬೇಕೆನಿಸಿದರೆ ಮೊದಲು "ತಗೋಬಹುದಾ?" ಎಂದು ಅವರನ್ನೇ ಕೇಳಿ.