ನಾಲ್ಕು ಇಂಜೆಕ್ಟರ್ ಅಂದಿದ್ದರು, ಎರಡರಲ್ಲೇ ಮುಗಿಯಿತು: ದಾವಣಗೆರೆಯ ಒಂದು ಪಂಪ್ ಅಂಗಡಿ

ನನ್ನದು 2018ರ ಬಿಎಸ್-4 (ಭಾರತ್ ಸ್ಟೇಜ್ 4, ಹೊಗೆ ನಿಯಮದ ನಾಲ್ಕನೇ ಹಂತ) ಡೀಸೆಲ್ ಪಿಕಪ್. ಮೆಕ್ಕೆಜೋಳ, ಅಡಿಕೆ ಲೋಡ್ ಹೊಡೆಯುತ್ತೇನೆ. ಹೋದ ಮಳೆಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ, ಲೋಡ್ ಇಟ್ಟು ಏರು ಹತ್ತಿಸಿದರೆ ಕರಿ ಹೊಗೆ. ಪುಲ್ಲಿಂಗ್ ಸತ್ತೇ ಹೋಗಿತ್ತು. ಲೀಟರಿಗೆ 13 ಕಿ.ಮೀ. ಕೊಡುತ್ತಿದ್ದ ಗಾಡಿ 10ಕ್ಕೆ ಇಳಿಯಿತು. ಎಮಿಷನ್ ಟೆಸ್ಟ್‌ನಲ್ಲೂ ಫೇಲ್. ಬಿಎಸ್-4 ಡೀಸೆಲ್ ಗಾಡಿಗೆ ಹೊಗೆಯ ಮಿತಿ ಮೀಟರಿಗೆ 1.62 (ಹೊಗೆ ಎಷ್ಟು ಬೆಳಕು ತಡೆಯುತ್ತದೆ ಎಂಬ ಅಳತೆ). ನನ್ನದು 2.4 ತೋರಿಸಿತು. ಒಂದು ಗ್ಯಾರೇಜಿನವರು ನಾಲ್ಕೂ ಇಂಜೆಕ್ಟರ್ (ಇಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ಭಾಗ) ಹೊಸದು ಹಾಕಿಸಿ ಅಂದುಬಿಟ್ಟರು. ಎದೆ ಝಲ್ಲೆಂದಿತು.

ಆಮೇಲೆ ಹೋದದ್ದು ಹಳೇ ಪಿ.ಬಿ. ರಸ್ತೆ ಕಡೆಯ ಈ ಅಂಗಡಿಗೆ, ಇಂಜಿನ್ನಿನ ಡೀಸೆಲ್ ಪಂಪ್, ಇಂಜೆಕ್ಟರಿನ ನೋಝಲ್ (ಡೀಸೆಲ್ ಚಿಮ್ಮುವ ತುದಿ) ರಿಪೇರಿ ಮಾಡುವವರು. ಯಜಮಾನರು ಮೊದಲು ಇಂಜೆಕ್ಟರ್ ಮುಟ್ಟಲೇ ಇಲ್ಲ. ಫಿಲ್ಟರಿನ ಕೆಳಗಿನ ಡ್ರೈನ್ ಬಿಚ್ಚಿ ಗಾಜಿನ ಬಾಟಲಿಗೆ ಇಳಿಸಿದರು. ಹತ್ತು ನಿಮಿಷ ಬಿಟ್ಟು "ನೋಡಿ ಅಣ್ಣಾ" ಎಂದರು. ಮೇಲೆ ಡೀಸೆಲ್, ತಳದಲ್ಲಿ ಎರಡು ಬೆರಳು ನೀರು, ಅದರಡಿ ಕೆಂಪು ಪುಡಿ. ತುಕ್ಕು!

ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ) ಇಂಜಿನ್ನಿನಲ್ಲಿ ಡೀಸೆಲ್ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ನುಗ್ಗುತ್ತದೆ. ಇಂಜೆಕ್ಟರಿನ ಸೂಜಿಗೂ ಅದರ ಗೂಡಿಗೂ ನಡುವೆ ಇರುವುದು ಒಂದೆರಡು ಮೈಕ್ರಾನ್ ಸಂದು. ಆ ಒತ್ತಡ ಕೊಡುವ ಪಂಪಿಗೆ, ಸೂಜಿಗೆ ಜಾರಲು ಡೀಸೆಲ್ಲೇ ಎಣ್ಣೆ. ನೀರು ಬಂದರೆ ಆ ಜಾರಿಕೆ ಹೋಗುತ್ತದೆ, ತುಕ್ಕಿನ ಪುಡಿ ಉಪ್ಪು ಕಾಗದದ ಹಾಗೆ ಉಜ್ಜುತ್ತದೆ. ಸೀಮೆಎಣ್ಣೆ ಬೆರೆತರೂ ಸವೆತ ತಪ್ಪಿದ್ದಲ್ಲ. ಟೆಸ್ಟ್ ಬೆಂಚಿನ ಮೇಲೆ ಇಂಜೆಕ್ಟರ್‌ಗಳನ್ನು ಒಂದೊಂದಾಗಿ ಕೂರಿಸಿ ತೋರಿಸಿದರು. ಎರಡು ಮಂಜಿನಂತೆ ಸಿಂಪಡಿಸಿದವು. ಇನ್ನೆರಡು ತೊಟ್ಟಿಕ್ಕುತ್ತಿದ್ದವು. ದಪ್ಪ ಹನಿ ಪೂರ್ತಿ ಉರಿಯುವುದಿಲ್ಲ, ಅದೇ ಕರಿ ಹೊಗೆ. ಇಷ್ಟು ಬಿಡಿಸಿ ನನಗೆ ಯಾರೂ ಹೇಳಿರಲಿಲ್ಲ.

ನೀರು ಎಲ್ಲಿಂದ ಬಂತು? ನಾನು ಬಂಕನ್ನೇ ಬಯ್ಯುತ್ತಿದ್ದೆ. "ಮನೆಯಲ್ಲಿ ಬ್ಯಾರಲ್ ಇಟ್ಟಿದ್ದೀರಾ?" ಅಂತ ಕೇಳಿದರು. ಇಟ್ಟಿದ್ದೆ. ಸುಗ್ಗಿಗೆ ಅಂತ ಶೆಡ್ಡಿನಲ್ಲಿ ಅರ್ಧ ತುಂಬಿದ ಬ್ಯಾರಲ್, ಮುಚ್ಚಳ ಸಡಿಲ. ಖಾಲಿ ಜಾಗದ ಗಾಳಿಯ ತೇವ ರಾತ್ರಿ ತಣ್ಣಗಾದಾಗ ನೀರಾಗಿ ಇಳಿಯುತ್ತದಂತೆ. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಬಿಎಸ್-6 ಡೀಸೆಲ್ ಬರುತ್ತಿದೆ. ಗಂಧಕದ ಮಿತಿ 50 ಪಿಪಿಎಂನಿಂದ (ಹತ್ತು ಲಕ್ಷ ಭಾಗದಲ್ಲಿ 50) 10ಕ್ಕೆ ಇಳಿದಿದೆ. ಅಷ್ಟು ಶುದ್ಧ ಮಾಡಿ ಕಳಿಸಿದ ಎಣ್ಣೆಗೆ ನನ್ನ ಶೆಡ್ಡಿನಲ್ಲೇ ನೀರು ಸೇರುತ್ತಿತ್ತು.

ಎರಡು ನೋಝಲ್, ವಾಲ್ವ್ ಸೆಟ್, ಫಿಲ್ಟರ್, ಟ್ಯಾಂಕ್ ತೊಳೆದದ್ದು, ಎಲ್ಲ ಸೇರಿ 14,200 ರೂಪಾಯಿ. ಬಿಚ್ಚಿದ ಹಳೇ ಸಾಮಾನು ಕವರಿಗೆ ಹಾಕಿ ಕೈಗೇ ಕೊಟ್ಟರು. ಮತ್ತೆ ಎಮಿಷನ್ ಟೆಸ್ಟ್ ಮಾಡಿಸಿದೆ, 0.9 ಬಂತು. ಮೈಲೇಜು 13ಕ್ಕೆ ವಾಪಸ್.

ಕೊರತೆ ಇಲ್ಲದಿಲ್ಲ. ಒಂದು ದಿನ ಅಂದವರು ಮೂರು ದಿನ ಹಿಡಿದರು. ನನ್ನಂಥವರಿಗೆ ಗಾಡಿ ನಿಂತರೆ ಬಾಡಿಗೆಯೂ ನಿಲ್ಲುತ್ತದೆ ಅಲ್ವಾ? ಟೆಸ್ಟ್ ರಿಪೋರ್ಟನ್ನು ಕೇಳಿದ ಮೇಲೇ ಬರೆದು ಕೊಟ್ಟರು. ಹೋಗುವವರು ಮೊದಲೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ. ಸೋಮವಾರ ರಶ್ ಜಾಸ್ತಿ.