ಸೆಕೆಂಡ್ ಹ್ಯಾಂಡ್ ಎಂ5, ಇ63, ಎಸ್6: ಕೊಡಗಿನ ರಸ್ತೆಗೆ ಯಾವುದು?

ಬಿಎಂಡಬ್ಲ್ಯು ಎಂ5, ಮರ್ಸಿಡಿಸ್ ಇ63 ಎಎಂಜಿ, ಆಡಿ ಎಸ್6. 2012-13ರ ಆಸುಪಾಸಿನಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ ಈ ಮೂರು ಕಾರುಗಳು ಈಗ ಹೊಸದರ ಬೆಲೆಯ ಒಂದು ಪಾಲಿಗೆ ಸಿಗುತ್ತವೆ. ಕೊಳ್ಳುವ ಆಸೆಯಿಂದ ಮೂರನ್ನೂ ಓಡಿಸಿ ನೋಡಿದೆ. ಕುಶಾಲನಗರದಿಂದ ಸುಂಟಿಕೊಪ್ಪದ ಮೇಲೆ ಮಡಿಕೇರಿಗೆ ಹತ್ತಿ, ಸಂಪಾಜೆ ಕಡೆ ಇಳಿಯುವ ದಾರಿ. ಅದೂ ಮಳೆಗಾಲದಲ್ಲಿ. ಬೇಸಿಗೆಯಾಗಿದ್ದರೆ ಎಂ5 ಬಿಟ್ಟು ಬೇರೆ ಯಾವುದನ್ನೂ ತಿರುಗಿ ನೋಡುತ್ತಿರಲಿಲ್ಲ.

ಯಾಕೆಂದರೆ ಅದರ ಓಟವೇ ಹಾಗಿದೆ. 4.4 ಲೀಟರ್ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್), ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಎರಡು ಟರ್ಬೊ, 560 ಎಚ್‌ಪಿ. 680 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ, 1,500 ಆರ್‌ಪಿಎಂನಿಂದಲೇ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಸಿಗುತ್ತದೆ. ಸ್ಟೇರಿಂಗ್ ಇನ್ನೂ ಹೈಡ್ರಾಲಿಕ್ (ಎಲೆಕ್ಟ್ರಿಕ್ ಅಲ್ಲ), ಹಾಗಾಗಿ ರಸ್ತೆ ಹೇಗಿದೆ ಅಂತ ಕೈಗೇ ಗೊತ್ತಾಗುತ್ತದೆ. ಆದರೆ ಅಷ್ಟೂ ಶಕ್ತಿ ಹೋಗುವುದು ಹಿಂದಿನ ಎರಡು ಚಕ್ರಕ್ಕೆ. ಒದ್ದೆ ತಿರುವಿನಲ್ಲಿ ಆಕ್ಸಲರೇಟರ್ ಒಂಚೂರು ಜಾಸ್ತಿ ಒತ್ತಿದರೆ ಸಾಕು, ಡ್ಯಾಶ್‌ಬೋರ್ಡಿನಲ್ಲಿ ಚಕ್ರ ಜಾರುತ್ತಿದೆ ಅನ್ನುವ ಟ್ರ್ಯಾಕ್ಷನ್ ದೀಪ ಮಿಣುಕುತ್ತದೆ. ಹಿಂದೆ 295 ಮಿ.ಮೀ. ಅಗಲದ ಟೈರ್. ಒಣ ರಸ್ತೆಯಲ್ಲಿ ಅದೇ ಬಲ, ರಸ್ತೆ ಮೇಲೆ ನೀರು ಹರಿಯುವಾಗ ಅದೇ ಭಯ.

ಎಂ5 ನೋಡಲು ಹೋದರೆ ಮಾರುವವರಿಗೆ ಮೊದಲೇ ಹೇಳಿಡಿ: ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ. ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆದಾಗ ಬರುವ ಸದ್ದು, ಹೊಗೆ ಎರಡೂ ಸುಳ್ಳು ಹೇಳುವುದಿಲ್ಲ. ಆಯಿಲ್ ಬಿಸಿಯಾಗುವವರೆಗೆ ಆರ್‌ಪಿಎಂ ತೋರಿಸುವ ಟ್ಯಾಕೋಮೀಟರಿನ ಎಚ್ಚರಿಕೆಯ ಪಟ್ಟಿ ಕೆಳಗೇ ಇದ್ದು, ಆಮೇಲೆ ಮೇಲಕ್ಕೆ ಸರಿಯುತ್ತದೆ. ಜೊತೆಗೆ ಕೂತಾಗ ಮಾಲೀಕರು ಆ ಪಟ್ಟಿ ದಾಟದೆ ಅದನ್ನು ಗೌರವಿಸುತ್ತಾರೋ ಇಲ್ವೋ ನೋಡಿ. ನನಗಂತೂ ಸರ್ವಿಸ್ ಪುಸ್ತಕಕ್ಕಿಂತ ಇದೇ ದೊಡ್ಡ ಸಾಕ್ಷಿ.

ಪುಸ್ತಕವನ್ನೂ ನೋಡಿ, ಬಿಡಬೇಡಿ. ಹೊಸದರಲ್ಲಿ 2,000 ಕಿ.ಮೀ.ಗೆ ಎಂಜಿನ್ ಆಯಿಲ್, ಡಿಫರೆನ್ಷಿಯಲ್ (ಹಿಂಚಕ್ರಗಳಿಗೆ ಶಕ್ತಿ ಹಂಚುವ ಗೇರು) ಆಯಿಲ್ ಬದಲಿಸಿದ ದಾಖಲೆ ಇರಬೇಕು. ಇದರ ಟರ್ಬೊಗಳು ವಿ ಆಕಾರದ ಎಂಜಿನ್ನಿನ ನಡುವೆಯೇ ಕೂತಿವೆ. ಆ ಬಿಸಿಗೆ ಸುತ್ತಲಿನ ರಬ್ಬರ್ ಪೈಪು, ಪ್ಲಾಸ್ಟಿಕ್ ಜಾಯಿಂಟು ಎಲ್ಲ ಬೇಗ ಗಡಸಾಗಿ ಬಿರುಕು ಬಿಡುತ್ತವೆ. ಕಾರನ್ನು ಲಿಫ್ಟ್ ಮೇಲೆ ಏರಿಸಿ ಆಯಿಲ್, ಕೂಲಂಟ್ ಸೋರಿಕೆ ಹುಡುಕಿ. ಒಪ್ಪದಿದ್ದರೆ ಅಲ್ಲಿಂದ ಹೊರಡಿ.

ಇ63 ಬೇರೆ ಜಾತಿ. 5.5 ಲೀಟರ್ ವಿ8, 557 ಎಚ್‌ಪಿ, 720 ನ್ಯೂಟನ್ ಮೀಟರ್. ಇದೂ ಹಿಂದಿನ ಚಕ್ರದ ಕಾರೇ, ಆದರೆ ಗಡಿಬಿಡಿಯಿಲ್ಲ. ಮನೆಯ ಹಿರಿಯರನ್ನು ಕೂರಿಸಿಕೊಂಡು ಹೋಗಲು ಮೂರರಲ್ಲಿ ಇದೇ ಸುಖ. ಹಿಂಬದಿಗೆ ಏರ್ ಸಸ್ಪೆನ್ಷನ್, ಅಂದರೆ ಸ್ಪ್ರಿಂಗ್ ಬದಲು ಗಾಳಿಚೀಲ ಇದೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿದಾಗ ಹಿಂಭಾಗ ಕುಸಿದಿದ್ದರೆ ಗಾಳಿ ಸೋರುತ್ತಿದೆ ಅಂತಲೇ ಅರ್ಥ. ಇನ್ನೊಂದು, ಎಂಜಿನ್ನಿನ ಮುಂಭಾಗದಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ದಂಡ) ಮ್ಯಾಗ್ನೆಟ್‌ಗಳ ವೈರ್ ಕನೆಕ್ಟರ್ ಬಿಚ್ಚಿಸಿ ನೋಡಿ. ಅಲ್ಲಿ ಆಯಿಲ್ ಒಸರಿದರೆ ಅದು ವೈರಿಂಗ್ ಒಳಕ್ಕೇ ಇಳಿಯುತ್ತದೆ. ನಿಮಿಷದ ಕೆಲಸ, ಆದರೂ ಮಾಡಿಸುವವರು ಕಡಿಮೆ.

ಎಸ್6 ಈ ಮೂವರಲ್ಲಿ ಬಡವ. 4 ಲೀಟರ್ ವಿ8, 420 ಎಚ್‌ಪಿ, 550 ನ್ಯೂಟನ್ ಮೀಟರ್. ಆದರೆ ಕ್ವಾಟ್ರೊ, ನಾಲ್ಕೂ ಚಕ್ರಕ್ಕೆ ಶಕ್ತಿ. ಮಡಿಕೇರಿಯ ಆ ಮಂಜು ಮಳೆಯಲ್ಲಿ ನಾನು ನಿಜವಾಗಿ ಬಳಸಿದ್ದು ಇದರ ಶಕ್ತಿಯನ್ನೇ. ಉಳಿದೆರಡರ ಶಕ್ತಿ ಕಾಗದದ ಮೇಲೇ ಉಳಿಯಿತು. ನಾಲ್ಕೂ ಕಡೆ ಏರ್ ಸಸ್ಪೆನ್ಷನ್ ಇರುವುದರಿಂದ ನಿಧಾನಕ್ಕೆ ಹೋಗುವಾಗ ಕಾರನ್ನು ಸ್ವಲ್ಪ ಎತ್ತಬಹುದು. ತೋಟದ ಗೇಟಿನಿಂದ ಮನೆವರೆಗಿನ ಕಲ್ಲುದಾರಿಗೆ ಇದಕ್ಕಿಂತ ಇನ್ನೇನು ಬೇಕು? ಎಂ5 ಅಂಥ ದಾರಿಯಲ್ಲಿ ಹೊಟ್ಟೆ ಉಜ್ಜದೆ ಬರುವುದಿಲ್ಲ.

ಇದಕ್ಕೂ ಕಾಯಿಲೆ ಇದೆ. ಟರ್ಬೊಗೆ ಆಯಿಲ್ ಹೋಗುವ ದಾರಿಯಲ್ಲಿ ಒಂದು ಸಣ್ಣ ಜಾಲರಿ ಇದೆ. ಅದರಲ್ಲಿ ಕಸ ಕಟ್ಟಿದರೆ ಆಯಿಲ್ ಸಾಲದೆ ಟರ್ಬೊ ಹೋಗುತ್ತದೆ. ಅಮೆರಿಕದಲ್ಲಿ ಇದೇ ಕಾರಣಕ್ಕೆ ಕಂಪನಿ ಕಾರುಗಳನ್ನು ವಾಪಸ್ ಕರೆಸಿತ್ತು. ಜಾಲರಿ ಬದಲಿಸಿದ ಬಿಲ್ ಕೇಳಿ. ಎಸ್ ಟ್ರಾನಿಕ್ (ಆಡಿಯ ಆಟೊಮ್ಯಾಟಿಕ್) ಗೇರ್‌ಬಾಕ್ಸ್ ಆಯಿಲ್ 60,000 ಕಿ.ಮೀ.ಗೊಮ್ಮೆ ಬದಲಾಗಬೇಕು, ಅದರ ಬಿಲ್ಲೂ ಇರಲಿ. ಎರಡೂ ಇದ್ದರೆ ನನ್ನ ಓಟು ಎಸ್6ಗೆ. ಇಲ್ಲದಿದ್ದರೆ ಜಾಲರಿ ಬದಲಿಸುವ ಖರ್ಚು ಮುರಿದುಕೊಂಡೇ ಬೆಲೆ ಹೇಳಿ.

ಕಾರು ನಮ್ಮ ಕಡೆಯದೇ ಆಗಿದ್ದರೆ ಬೇರೆ ಪರೀಕ್ಷೆಯೂ ಇದೆ. ಸಿಲ್ವರ್ ಓಕ್ ಎಲೆ ಸನ್‌ರೂಫಿನ ನೀರಿನ ಕೊಳವೆಯಲ್ಲಿ ಸಿಕ್ಕಿ ನೀರು ಒಳಗಿಳಿಯುತ್ತದೆ. ಮ್ಯಾಟ್ ಎತ್ತಿ ಕೈಯಿಟ್ಟು ನೋಡಿ, ಬೂಷ್ಟು ವಾಸನೆ ಬಂದರೆ ಸೆಂಟು ಹೊಡೆದಿದ್ದರೂ ತಿಳಿಯುತ್ತದೆ. ಶೆಡ್ಡಿನಲ್ಲಿ ನಿಂತ ಕಾರಾದರೆ ಇಲಿ ಕಡಿದ ವೈರ್ ಹುಡುಕಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ, ಪ್ರವಾಹದಲ್ಲಿ ಮುಳುಗಿದ ಕಾರಾದರೆ ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಟೈರ್ ಪಕ್ಕದ ನಾಲ್ಕು ಅಂಕಿಯಲ್ಲಿ ವಾರ, ವರ್ಷ ಇದೆ: 3219 ಅಂದರೆ 2019ರ 32ನೇ ವಾರ. ಟೈರಿನ ಗೆರೆ ಆಳವಾಗಿದ್ದರೂ ವಯಸ್ಸಾಗಿದ್ದರೆ ಬದಲಿಸಲೇಬೇಕು.

ಕೇರಳ, ಪುದುಚೇರಿ ನಂಬರಿನ ಕಾರು ಅಗ್ಗ ಅಂತ ಮನಸ್ಸು ಎಳೆಯುತ್ತದೆ. ಅದಕ್ಕೆ ಅಲ್ಲಿಂದ ಫಾರ್ಮ್ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಕೊಡಗಿನ ಕೆಎ-12 ನಂಬರಿಗೆ ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ವಯಸ್ಸಾದಂತೆ ಟ್ಯಾಕ್ಸ್ ಇಳಿಯುತ್ತದೆ ನಿಜ, ಆದರೆ ಲೆಕ್ಕ ಶುರುವಾಗುವುದು ಕಾರಿನ ಹೊಸ ಬೆಲೆಯಿಂದ. ಮುಂಗಡ ಕೊಡುವ ಮೊದಲು ಮಡಿಕೇರಿ ಆರ್‌ಟಿಒ ಕಚೇರಿಯಲ್ಲಿ ಮೊತ್ತ ಕೇಳಿಕೊಳ್ಳಿ.

ಇನ್ನು ಕೆಟ್ಟು ನಿಂತರೆ? ಕ್ವಾಟ್ರೊ ಕಾರನ್ನು ಎರಡು ಚಕ್ರ ನೆಲದ ಮೇಲಿಟ್ಟು ಎಳೆಯುವಂತಿಲ್ಲ, ಪೂರ್ತಿ ಕಾರನ್ನು ಮೇಲೇರಿಸುವ ಫ್ಲಾಟ್‌ಬೆಡ್ ಲಾರಿಯೇ ಬೇಕು. ಇನ್ಶೂರೆನ್ಸ್ ಮಾಡಿಸುವಾಗ ರೋಡ್ ಸೈಡ್ ಅಸಿಸ್ಟೆನ್ಸ್ ಘಟ್ಟದ ಮೇಲಕ್ಕೂ ಬರುತ್ತದೆಯೇ, ಎಷ್ಟು ಕಿಲೋಮೀಟರ್ ತನಕ ಉಚಿತ ಅಂತ ಬರಹದಲ್ಲೇ ತೆಗೆದುಕೊಳ್ಳಿ.