ಆಫ್ರಿಕನ್ ಬರಿಯಲ್ ಗ್ರೌಂಡ್, ನ್ಯೂಯಾರ್ಕ್: ಹೆಸರಿಲ್ಲದ ಸಮಾಧಿಗಳ ನಡುವೆ ಎರಡು ಗಂಟೆ

ಮ್ಯಾನ್‌ಹಟನ್‌ನ ಬ್ರಾಡ್‌ವೇ ರಸ್ತೆಯಲ್ಲಿ 290ನೇ ನಂಬರಿನ ಸರ್ಕಾರಿ ಕಟ್ಟಡದೊಳಗೆ ಆಫ್ರಿಕನ್ ಬರಿಯಲ್ ಗ್ರೌಂಡ್ ರಾಷ್ಟ್ರೀಯ ಸ್ಮಾರಕದ ಸಂದರ್ಶಕ ಕೇಂದ್ರವಿದೆ. ಪ್ರವೇಶ ಉಚಿತ, ಬಾಗಿಲಲ್ಲಿ ವಿಮಾನ ನಿಲ್ದಾಣದಂಥ ತಪಾಸಣೆ ಇರುತ್ತದೆ. 1991ರಲ್ಲಿ ಇದೇ ಕಟ್ಟಡಕ್ಕಾಗಿ ನೆಲ ಅಗೆಯುವಾಗ, 1794ರವರೆಗೂ ನಗರದ ಆಫ್ರಿಕನ್ನರು, ಅಂದರೆ ಗುಲಾಮಗಿರಿಯಲ್ಲಿದ್ದವರೂ ಸ್ವತಂತ್ರರೂ, ತಮ್ಮವರನ್ನು ಹೂಳುತ್ತಿದ್ದ ಸ್ಮಶಾನ ಹೊರಬಂದಿತು. ಅಲ್ಲಿ ಮಣ್ಣಾದವರು ಸುಮಾರು 15,000 ಮಂದಿ ಎಂಬ ಅಂದಾಜಿದೆ. ಸಂಶೋಧಕರ ಕೈಗೆ ಬಂದದ್ದು 419 ಮಂದಿಯ ಅವಶೇಷ.

ಹೆಸರು ಕೊರೆದ ಕಲ್ಲಿಲ್ಲದ ಸಮಾಧಿಯಲ್ಲಿ ಮಲಗಿದವರು ಯಾವ ನಾಡಿನವರು, ಯಾವ ಸಂಸ್ಕೃತಿಯವರು ಎಂದು ತಿಳಿಯುವ ಬಗೆ ಹೇಗೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಈ ಕೇಂದ್ರ ಬಹಳವನ್ನು ಕೊಡುತ್ತದೆ. ಮೂಳೆ ಅಳೆದು ಜನಾಂಗದ ಹಣೆಪಟ್ಟಿ ಹಚ್ಚುವ ಹಳೆಯ ಪದ್ಧತಿಯನ್ನು ಒಪ್ಪದೆ, ಹೋವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮಾನವಶಾಸ್ತ್ರಜ್ಞ ಮೈಕೆಲ್ ಬ್ಲೇಕಿ ಅವರ ತಂಡವು ಇತಿಹಾಸದ ದಾಖಲೆ, ಶವಸಂಸ್ಕಾರದ ಕ್ರಮ ಮತ್ತು ಹಲ್ಲಿನ ರಸಾಯನಶಾಸ್ತ್ರವನ್ನು ಒಟ್ಟಿಗಿಟ್ಟು ನೋಡಿತು. ಬಾಲ್ಯದಲ್ಲಿ ಹಲ್ಲಿನ ಎನಾಮಲ್ ಬಲಿಯುವಾಗ ಆ ನೆಲದ ನೀರು, ಅನ್ನಗಳಲ್ಲಿರುವ ಸ್ಟ್ರಾಂಷಿಯಂ ಎಂಬ ಧಾತು ಅದರೊಳಗೆ ಸೇರಿಕೊಳ್ಳುವುದರಿಂದ, ವ್ಯಕ್ತಿ ಬೆಳೆದದ್ದು ನ್ಯೂಯಾರ್ಕಿನಲ್ಲೋ ಬೇರೆಡೆಯಲ್ಲೋ ಎಂಬುದರ ಸುಳಿವು ಸಿಗುತ್ತದೆ.

ನಾನು ಹೆಚ್ಚು ಹೊತ್ತು ಕಳೆದದ್ದು 340ನೇ ಸಮಾಧಿಯ ವಿವರದೊಂದಿಗೆ. ಅಲ್ಲಿದ್ದ ಹೆಂಗಸಿನ ಮುಂಭಾಗದ ಹಲ್ಲುಗಳನ್ನು ಅರದಿಂದ ತೀಡಿ ಆಕಾರ ಕೊಡಲಾಗಿತ್ತು. ಸೊಂಟದ ಸುತ್ತ ನೂರಕ್ಕೂ ಹೆಚ್ಚು ಮಣಿಗಳು, ಜೊತೆಗೆ ಕವಡೆಗಳು ಇದ್ದವು. ಕವಡೆ ಎಂದೊಡನೆ ನನ್ನ ಕಣ್ಣಿಗೆ ಕಟ್ಟುವುದು ಸವದತ್ತಿ ಎಲ್ಲಮ್ಮನ ಜೋಗತಿಯರ ಕೊರಳ ಸರ. ನಮ್ಮ ಹಿಂದೂ ಮಹಾಸಾಗರದ ಕವಡೆಯೇ ಪಶ್ಚಿಮ ಆಫ್ರಿಕಾದಲ್ಲಿ ನಾಣ್ಯವಾಗಿಯೂ ಚಲಾವಣೆಯಲ್ಲಿತ್ತು; ಗಾಜಿನ ಮಣಿಗಳೂ ಯುರೋಪಿನ ಹಡಗುಗಳಲ್ಲಿ ಸರಕಾಗಿ ಸಾಗುತ್ತಿದ್ದವು. ಹಾಗಾಗಿ ವಸ್ತು ಎಲ್ಲಿ ಹುಟ್ಟಿತು ಎಂಬುದಷ್ಟೇ ಅದನ್ನು ತೊಟ್ಟವರ ಗುರುತನ್ನು ಹೇಳಲಾರದು. ಅದನ್ನು ಸೊಂಟಕ್ಕೆ ಕಟ್ಟಿಕೊಂಡ ರೀತಿ ಮತ್ತು ತೀಡಿದ ಹಲ್ಲು ಜೊತೆಯಾದಾಗಲೇ ಆಕೆಯ ಆಫ್ರಿಕನ್ ಬಾಲ್ಯದ ಮಾತಿಗೆ ಬಲ ಬರುತ್ತದೆ.

101ನೇ ಸಮಾಧಿಯ ವಿಷಯದಲ್ಲಿ ಮಾತ್ರ ಓದುಗರು ಸ್ವಲ್ಪ ತಡೆದು ನೋಡಬೇಕು. ಶವಪೆಟ್ಟಿಗೆಯ ಮುಚ್ಚಳದ ಮೇಲೆ ಮೊಳೆಗಳಿಂದ ಮೂಡಿಸಿದ್ದ ಹೃದಯಾಕಾರವನ್ನು ಪಶ್ಚಿಮ ಆಫ್ರಿಕಾದ ಅಕಾನ್ ಜನರ ‘ಸಂಕೋಫಾ’ (ಹಿಂದಿರುಗಿ ಹೋಗಿ ತಾ, ಅಂದರೆ ಕಳೆದುದರಿಂದ ಕಲಿ) ಚಿಹ್ನೆಯೆಂದು ಅರ್ಥೈಸಲಾಯಿತು, ಮತ್ತು ಅದೇ ಈ ಸ್ಮಾರಕದ ಮುಖ್ಯ ಗುರುತಾಯಿತು. 2010ರಲ್ಲಿ ಇತಿಹಾಸಕಾರ ಎರಿಕ್ ಸೀಮನ್ ಆ ಓದನ್ನು ಪ್ರಶ್ನಿಸಿ, ಆ ಕಾಲದ ಆಂಗ್ಲೋ-ಅಮೆರಿಕನ್ನರ (ಇಂಗ್ಲಿಷ್ ಮೂಲದ ಅಮೆರಿಕನ್ನರ) ಶವಪೆಟ್ಟಿಗೆಗಳ ಮೇಲೂ ಹೃದಯವಿರುತ್ತಿದ್ದುದನ್ನು ತೋರಿಸಿದರು. ಅವರ ಆಕ್ಷೇಪಕ್ಕೆ ತೂಕವಿದೆ ಎಂದೇ ನನ್ನ ಅಭಿಪ್ರಾಯ. ಆದರೆ ಗುಲಾಮಗಿರಿಯಲ್ಲಿದ್ದವರ ಕೈಗೆ ಬಂದ ಹೃದಯಕ್ಕೆ ಅವರು ತಮ್ಮದೇ ಅರ್ಥ ತುಂಬಿರಲಾರರು ಎಂದೂ ಹೇಳುವಂತಿಲ್ಲ. ಆ ಮೊಳೆಗಳನ್ನು ಹೊಡೆದವರ ಮನಸ್ಸು ನಮಗೆ ದೂರ.

ಇಲ್ಲಿ ಮೂಳೆಗಳ ಪ್ರದರ್ಶನವಿಲ್ಲ ಎಂಬುದನ್ನು ಮನಸಾರೆ ಮೆಚ್ಚುತ್ತೇನೆ. 419 ಮಂದಿಯನ್ನೂ 2003ರ ಅಕ್ಟೋಬರ್‌ನಲ್ಲಿ, ಘಾನಾದಲ್ಲಿ ಕೆತ್ತಿಸಿದ ಪೆಟ್ಟಿಗೆಗಳಲ್ಲಿಟ್ಟು ಮತ್ತೆ ಮಣ್ಣು ಮಾಡಲಾಯಿತು. ಅವರಲ್ಲಿ ಮಕ್ಕಳ ಸಂಖ್ಯೆ ದೊಡ್ಡದು. ಕೇಂದ್ರದೊಳಗೆ ಆಳೆತ್ತರದ ಪ್ರತಿಮೆಗಳಲ್ಲಿ ರೂಪಿಸಿರುವ ಅಂತ್ಯಸಂಸ್ಕಾರದ ದೃಶ್ಯದಲ್ಲೂ ದೊಡ್ಡವರ ಪೆಟ್ಟಿಗೆಯ ಪಕ್ಕ ಮಗುವಿನದೊಂದು ಪುಟ್ಟ ಪೆಟ್ಟಿಗೆಯಿದೆ. ಚಿಕ್ಕ ಮಕ್ಕಳನ್ನು ಕರೆದೊಯ್ಯುವವರು ಇದನ್ನು ಮೊದಲೇ ತಿಳಿಸಿ ಹೇಳುವುದು ಒಳ್ಳೆಯದು.

ಒಳಗಿನ ಪ್ರದರ್ಶನವನ್ನು ಮೊದಲು ನೋಡಿ, ಆಮೇಲೆ ಡ್ಯುಯೇನ್ ಮತ್ತು ಎಲ್ಕ್ ರಸ್ತೆಗಳು ಕೂಡುವಲ್ಲಿರುವ ಹೊರಗಿನ ಸ್ಮಾರಕಕ್ಕೆ ಹೋಗಿರಿ. ಅಲ್ಲಿ ಹುಲ್ಲು ಹೊದ್ದ ಏಳು ದಿಬ್ಬಗಳಿವೆ. ಮತ್ತೆ ಮಣ್ಣು ಮಾಡಲಾದ ಆ 419 ಮಂದಿ ಮಲಗಿರುವುದು ಅಲ್ಲೇ.